ಮುಲಾಜಿಗೆ ಕೊಳ್ಳುವ ರಿವಾಲ್ವರು

ಮಾನ್ಯ ಸಂಪಾದಕರೇ,

ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಕೊಡಗಿನ ತೋಟದ ಮನೆಗಳಿಗೆ ಬರುವ ಫೋನುಗಳಲ್ಲಿ ಕಾರು ಷೋರೂಮಿನದು ಒಂದಾದರೆ ಕೋವಿ ಅಂಗಡಿಯದು ಇನ್ನೊಂದು. "ಸಾರ್, ಹಳೇ ವೆಬ್ಲಿ ಒಂದು ಬಂದಿದೆ, ನಿಮಗೆ ಅಂತಲೇ ಎತ್ತಿಟ್ಟಿದ್ದೀನಿ. ಈ ಕಡೆ ಬಂದಾಗ ನೋಡಿ ಹೋಗಿ, ತಗೊಳ್ಳಲೇಬೇಕು ಅಂತೇನಿಲ್ಲ." ಆ ಕೊನೆಯ ಮಾತಿಗೇ ಮನುಷ್ಯ ಸೋಲುವುದು. ಹೋದರೆ ಕುರ್ಚಿ, ಕಾಫಿ, ಹಿಂದಿನ ಮಾಲೀಕರ ದೊಡ್ಡಸ್ತಿಕೆಯ ಕಥೆ. ಅಷ್ಟು ಹೊತ್ತಿಗೆ ಮಖಮಲ್ಲು ಬಟ್ಟೆಯ ಮೇಲೆ ರಿವಾಲ್ವರು ಬಂದು ಕೂತಿರುತ್ತದೆ.

ಅಂಗಡಿಯವರನ್ನು ದೂರಲು ಬರೆದ ಪತ್ರವಲ್ಲ ಇದು. ಹಳೆಯ ಬಂದೂಕಿನ ಒಳಹೊರಗು ಬಲ್ಲವರು, ಗಿರಾಕಿಯ ಹುಚ್ಚನ್ನು ತಾಳ್ಮೆಯಿಂದ ಕೇಳುವವರು ಬಹುಪಾಲು ಅವರೇ. ತೊಂದರೆ ಇರುವುದು ಗಿರಾಕಿಯ ಮುಲಾಜಿನಲ್ಲಿ. ಹಳೆಯ ಜೀಪು ಕೊಳ್ಳುವಾಗ ಅಡಿಗೆ ತೂರಿ ಚಾಸಿ ತಟ್ಟಿ ನೋಡುವವರು, ಪರಿಚಯದ ಅಂಗಡಿಯಲ್ಲಿ ಲಕ್ಷ ರೂಪಾಯಿಯ ರಿವಾಲ್ವರನ್ನು ಎರಡು ಸಲ ಕೈಯಲ್ಲಿ ತಿರುಗಿಸಿ ಮುಂಗಡ ಕೊಟ್ಟು ಬರುತ್ತಾರೆ. 'ಅನುಮಾನ ಪಟ್ಟ ಹಾಗಾಗುತ್ತದೆ' ಎಂಬ ಸಂಕೋಚ.

ಈ ಫೋನುಗಳು ಈಚೆಗೆ ಹೆಚ್ಚಿರುವುದಕ್ಕೆ ಕಾರಣವಿದೆ. ಖಾಸಗಿಯವರು ವಿದೇಶದಿಂದ ರಿವಾಲ್ವರು ತರಿಸುವ ದಾರಿ ಎಂಬತ್ತರ ದಶಕದಲ್ಲೇ ಮುಚ್ಚಿತು. ದೇಶದೊಳಗೆ ಉಳಿದ ವೆಬ್ಲಿ, ಸ್ಮಿತ್ ಅಂಡ್ ವೆಸ್ಸನ್, ಕೋಲ್ಟುಗಳೇ ಕೈಯಿಂದ ಕೈಗೆ ಸುತ್ತಬೇಕು. 2019ರ ಡಿಸೆಂಬರಿನಲ್ಲಿ ಆಯುಧ ಕಾಯ್ದೆ ತಿದ್ದುಪಡಿಯಾಗಿ ಒಬ್ಬ ಲೈಸೆನ್ಸುದಾರ ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿಯಿತು. ಹೆಚ್ಚುವರಿಯನ್ನು ಒಂದು ವರ್ಷದೊಳಗೆ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಇಡಬೇಕಾಯಿತು. ತೀರಿಹೋದವರ ಬಂದೂಕುಗಳೂ ಅಲ್ಲಿಗೇ ಬರುತ್ತವೆ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು ಲೈಸೆನ್ಸಿನ ಗೋಜಿಗೇ ಬರುವುದಿಲ್ಲ.

ಎರಡು ಎಂಬುದು ಅಜ್ಜನಿಂದ ಬಂದದ್ದನ್ನೂ ಸೇರಿಸಿದ ಲೆಕ್ಕ. ಕ್ರೀಡಾ ಶೂಟರುಗಳ ನಿಯಮ ಬೇರೆ, ಅದು ಇಲ್ಲಿ ಬೇಡ. ಲೈಸೆನ್ಸಿನಲ್ಲಿ ಒಂದು ತೋಟಾ ಕೋವಿ, ಒಂದು ರಿವಾಲ್ವರು ಇರುವ ಮನುಷ್ಯ ಇನ್ನೊಂದು ರಿವಾಲ್ವರು ಬೇಕೆಂದರೆ ಇದ್ದದ್ದನ್ನು ಮಾರಲೇಬೇಕು. ಹವ್ಯಾಸಿ 'ಸಂಗ್ರಹ' ಎನ್ನುತ್ತಾನೆ, ನಡೆಯುವುದು ಮಾತ್ರ ಅದಲುಬದಲು. ಪ್ರತಿ ಬದಲಿಗೂ ಅಂಗಡಿಗೆ ಕೊಳ್ಳುವ ಕಡೆ ಒಮ್ಮೆ, ಮಾರುವ ಕಡೆ ಒಮ್ಮೆ ಲಾಭ. ಅದು ವ್ಯಾಪಾರ, ತಪ್ಪೇನಲ್ಲ. ಆದರೆ ಮೂರು ವರ್ಷದಲ್ಲಿ ನಾಲ್ಕು ಸಲ ಬದಲಿಸಿದವರು ಒಮ್ಮೆ ಕೂತು ಲೆಕ್ಕ ಹಾಕಲಿ. ಅಂಗಡಿಯನ್ನು ಬಿಟ್ಟು ನೇರವಾಗಿ ಇನ್ನೊಬ್ಬ ಲೈಸೆನ್ಸುದಾರರಿಗೆ ಮಾರುವುದಾದರೆ, ಕೊಳ್ಳುವವರ ಹೆಸರು ವಿಳಾಸವನ್ನು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ಕೊಟ್ಟು 45 ದಿನ ಕಾಯಬೇಕು. "ಇವತ್ತೇ ಒಯ್ಯಿರಿ, ಎಂಟ್ರಿ ಆಮೇಲೆ ಮಾಡಿಸೋಣ" ಎನ್ನುವ ಗೆಳೆಯ ಗೆಳೆಯನೇ ಅಲ್ಲ. ಅಂಗಡಿಯಿಂದ ಕೊಂಡದ್ದಾದರೆ, ಲೈಸೆನ್ಸಿಗೆ ಏರುವ ತನಕ ಅದು ಅಂಗಡಿಯ ರಿಜಿಸ್ಟರಿನಲ್ಲಿ, ಅಂಗಡಿಯ ಬೀರುವಿನಲ್ಲೇ ಇರಬೇಕು.

ನಮ್ಮ ಜಿಲ್ಲೆಗೆ ಮಾತ್ರ ಇರುವ ಗೊಂದಲ ಇನ್ನೊಂದು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿಯ ಮುಂದುವರಿಕೆಯಾಗಿ ಕೊಡವರಿಗೂ, ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಈಗಿನದು 2029ರ ಅಕ್ಟೋಬರ್ 31ರ ವರೆಗೆ. ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿದದ್ದೂ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅದರ ಷರತ್ತು. ಜಿಲ್ಲೆಯ ಹೊರಗೆ ಒಂದು ರೈಫಲ್, ಅದಕ್ಕೆ 100 ಗುಂಡು. ಒಂದು ನಯ ನಳಿಗೆಯ ಕೋವಿ, ಅದಕ್ಕೆ 500 ತೋಟಾ. ಅಷ್ಟೇ. ರಿವಾಲ್ವರಿನ ಹೆಸರು ಆ ಸಾಲಿನಲ್ಲಿಲ್ಲ. ಮೈಸೂರಿನ ಅಂಗಡಿಗೆ ರಿವಾಲ್ವರು ಒಯ್ಯುವವರು ಕೊಪ್ಪ ಸೇತುವೆ ದಾಟುವ ಮೊದಲೇ ಲೈಸೆನ್ಸ್ ಜೊತೆಗಿದೆಯೇ ನೋಡಿಕೊಳ್ಳಬೇಕು, ವಿನಾಯಿತಿ ಪತ್ರವನ್ನು ನಂಬಿಕೊಂಡಲ್ಲ. ಹವ್ಯಾಸಿಗಳು ಆಸೆಪಡುವ .38, .455ರ ಮಿಲಿಟರಿ ವೆಬ್ಲಿಗಳು ನಿಷೇಧಿತ ಬೋರು, ಅಂದರೆ ಸಾಮಾನ್ಯರಿಗೆ ನಿಷೇಧವಾದ ನಳಿಗೆಯ ಅಳತೆ. ಡಿಸಿ ಆಫೀಸಿನ ಲೈಸೆನ್ಸ್ ಅವಕ್ಕೆ ನಡೆಯುವುದಿಲ್ಲ, ದೆಹಲಿಯ ಗೃಹ ಇಲಾಖೆಯ ಅನುಮತಿ ಬೇಕು. ನಮ್ಮ ಪಾಲಿಗೆ ಉಳಿಯುವುದು ಹೆಚ್ಚಾಗಿ .32.

ಇನ್ನು ಕೌಂಟರಿನ ಮುಂದೆ ಮಾಡಬೇಕಾದ್ದು.

ಮೊದಲು ಖಾಲಿಯೇ ನೋಡಿ. ವೆಬ್ಲಿ ಜಾತಿಯದಾದರೆ ಹ್ಯಾಮರಿನ ಪಕ್ಕದ ಕೊಂಡಿಯನ್ನು ಹೆಬ್ಬೆರಳಿನಲ್ಲಿ ಒತ್ತಿದಾಗ ನಳಿಗೆ ಕೆಳಕ್ಕೆ ಮಡಚಿಕೊಳ್ಳುತ್ತದೆ. ಸಿಲಿಂಡರಿನಲ್ಲಿ ತೋಟಾ ಕೂರುವ ಆರೂ ಮನೆಗಳನ್ನು ಕಣ್ಣಲ್ಲಿ ಎಣಿಸಿ, ಬೆರಳಲ್ಲಿ ಮುಟ್ಟಿ. ಅಂಗಡಿಯವರು ಈಗ ತಾನೇ ತೆರೆದು ತೋರಿಸಿದ್ದರೂ ಸರಿ. ಆಮೇಲೆ ನಂಬರು: ಫ್ರೇಮಿನ ಮೇಲಿನದು ಕಾಗದದ ಜೊತೆ ಅಂಕಿ ಅಂಕಿ ತಾಳೆಯಾಗಬೇಕು. ಸಿಲಿಂಡರಿನ ಮೇಲೆ ಬೇರೆ ನಂಬರಿದ್ದರೆ ಅದು ಇನ್ನೊಂದರಿಂದ ಕಿತ್ತು ಹಾಕಿದ್ದು. ಕೆಲಸ ಮಾಡೀತು, ಆದರೆ ಸಂಗ್ರಹದ ಬೆಲೆ ಅದಕ್ಕಿಲ್ಲ.

ಎರಡನೆಯದು ಸಿಲಿಂಡರಿನ ಬೀಗ. ಎಡಗೈ ಬೆರಳನ್ನು ಸಿಲಿಂಡರಿನ ಮೇಲೆ ಹಗುರವಾಗಿ ತಡೆಯಾಗಿ ಇಟ್ಟು ಹ್ಯಾಮರನ್ನು, ಹಿರಿಯರ ಮಾತಿನಲ್ಲಿ ಕುದುರೆಯನ್ನು, ನಿಧಾನಕ್ಕೆ ಹಿಂದಕ್ಕೆ ಎಳೆಯಿರಿ. ಕುದುರೆ ಪೂರ್ತಿ ನಿಲ್ಲುವಷ್ಟರಲ್ಲಿ ಸಿಲಿಂಡರ್ 'ಟಿಕ್' ಎಂದು ಬೀಗ ಬಿದ್ದಿರಬೇಕು. ಹೀಗೆ ಆರೂ ಮನೆಗಳಿಗೆ, ಬೇಸರವಿಲ್ಲದೆ. ಐದು ಸರಿಯಿದ್ದು ಒಂದು ಮಾತ್ರ ತಡವಾದರೆ ಸಿಲಿಂಡರಿನ ಹಿಂದಿನ ನಕ್ಷತ್ರಾಕಾರದ ಹಲ್ಲುಚಕ್ರದ ಒಂದು ಹಲ್ಲು ಸವೆದಿದೆ. ಆರೂ ತಡವಾದರೆ ಆ ಚಕ್ರವನ್ನು ತಳ್ಳುವ, 'ಕೈ' ಎಂದು ಕರೆಯುವ ಭಾಗವೇ ಸವೆದಿದೆ. ಬೀಗ ಬೀಳದೆ ಹೊಡೆದರೆ ಗುಂಡು ನಳಿಗೆಯ ಹಿಂಬಾಯಿಯ ಅಂಚಿಗೆ ಉಜ್ಜಿಕೊಂಡು ಹೋಗುತ್ತದೆ, ಸೀಸದ ಚೂರು ಪಕ್ಕದಲ್ಲಿ ನಿಂತವರ ಮುಖಕ್ಕೆ ಹಾರುತ್ತದೆ.

ಮೂರನೆಯದಕ್ಕೆ ಫೀಲರ್ ಗೇಜ್ ಬೇಕು, ಮೆಕ್ಯಾನಿಕ್ಕುಗಳು ಟ್ಯಾಪೆಟ್ ನೋಡುವ ಅದೇ ತಗಡಿನ ಕಂತೆ. ಸಿಲಿಂಡರನ್ನು ಹಿಂದಕ್ಕೆ ಒತ್ತಿ ಹಿಡಿದು, ಅದರ ಮುಖಕ್ಕೂ ನಳಿಗೆಯ ಹಿಂಬದಿಗೂ ನಡುವಿನ ಸಂದಿಗೆ ತಗಡು ತೂರಿಸಿ. 0.10ರಿಂದ 0.20 ಮಿ.ಮೀ. ಒಳ್ಳೆಯದು. 0.25 ದಾಟಿದರೆ ಬಿಸಿ ಅನಿಲ ಪಕ್ಕಕ್ಕೆ ಸೋರಿ ಗುಂಡಿನ ವೇಗ ಇಳಿಯುತ್ತದೆ. ತೀರಾ ಕಡಿಮೆಯಿದ್ದರೆ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಮಸಿ ಕಟ್ಟಿ ಸಿಲಿಂಡರ್ ಹಿಡಿದುಕೊಳ್ಳುತ್ತದೆ. ಇದನ್ನೂ ಆರು ಮನೆಗಳಿಗೂ ನೋಡಬೇಕು. ಸಿಲಿಂಡರನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಕೈಬಿಡಿ. ಅಡ್ಡಕ್ಕೆ ಕೂದಲೆಳೆಯಷ್ಟು ಆಟ ಹಳೆಯದರಲ್ಲಿ ಸಹಜ.

ಮಡಚುವ ರಿವಾಲ್ವರಿಗೆ ಇನ್ನೊಂದು ರೋಗ: ಕೀಲು. ಒಂದು ಕೈಯಲ್ಲಿ ರಿವಾಲ್ವರಿನ ಹಿಡಿಯನ್ನು, ಇನ್ನೊಂದರಲ್ಲಿ ನಳಿಗೆಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಸದ್ದು ಬಂದರೆ ಕೀಲಿನ ಮೊಳೆಯೋ ಮೇಲಿನ ಕೊಂಡಿಯೋ ಸಡಿಲ. ಅಂಥದ್ದರಲ್ಲಿ ಈಗ ಅಳೆದ ಸಂದಿ ಪ್ರತಿ ಹೊಡೆತಕ್ಕೂ ಬೆಳೆಯುತ್ತದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಸಹ ವೆಬ್ಲಿ ಮಾರ್ಕ್ 4ರ ವಂಶದ್ದೇ, ರೋಗವೂ ಅದೇ. ಕಾನ್ಪುರದ್ದು ಕೈಯಲ್ಲಿರುವವರು 'ಬೇರೆ ಥರದ್ದು' ಎಂದು ವೆಬ್ಲಿ .32 ಕೊಂಡರೆ ಹೊರಗಿನ ಹೆಸರು ಬೇರೆ, ಒಳಗಿನ ಅಂಗಾಂಗ ಬಹುಪಾಲು ಒಂದೇ. ಅಲ್ಲಿಯದೇ ಆದ 2014ರ ಟೈಟಾನಿಯಂ ಮಿಶ್ರಲೋಹದ 'ನಿರ್ಭೀಕ್' ಹಗುರ, ಸುಮಾರು ಅರ್ಧ ಕಿಲೋ. ಬೇರೆ ಥರದ್ದೇ ಬೇಕಾದರೆ 2023ರಲ್ಲಿ ಬಂದ 'ಪ್ರಬಲ್' ಇದೆ, ಅದರ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಅದನ್ನು ಸಿನಿಮಾದವರ ಹಾಗೆ ಮಣಿಕಟ್ಟು ಝಾಡಿಸಿ ಮುಚ್ಚಬಾರದು. ಸಿಲಿಂಡರ್ ಹೊತ್ತ ತೋಳು ಬಾಗುತ್ತದೆ.

ಮುಂದೆ, ಖಾಲಿ ರಿವಾಲ್ವರಿನ ಕುದುರೆ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ. ಬಿದ್ದರೆ ಯಾರೋ ಟ್ರಿಗರ್ ಹಗುರ ಮಾಡಲು ಕುದುರೆಯನ್ನು ಹಿಡಿದಿಡುವ ಕಚ್ಚು ಉಜ್ಜಿದ್ದಾರೆ. ಅಂಥದ್ದನ್ನು ಬಿಟ್ಟಿ ಕೊಟ್ಟರೂ ಬೇಡ. ನಳಿಗೆ ಮಡಚಿ ಹಿಂಬದಿಯಲ್ಲಿ ಬಿಳಿ ಕಾಗದ ಹಿಡಿದು ಮುಂದಿನಿಂದ ನೋಡಿ: ಕಪ್ಪು ಚುಕ್ಕೆಗಳು ತುಕ್ಕಿನ ಗುಳಿ, ಉಂಗುರದಂಥ ನೆರಳು ನಳಿಗೆ ಉಬ್ಬಿದ ಗುರುತು. ಹಳಸಿದ ತೋಟಾ ಹೊಡೆದು ಗುಂಡು ಒಳಗೇ ಸಿಕ್ಕಿಕೊಂಡದ್ದು ಗೊತ್ತಾಗದೆ ಹಿಂದೆಯೇ ಇನ್ನೊಂದು ಹೊಡೆದರೆ ಹೀಗಾಗುತ್ತದೆ. ಸದ್ದು ಮಂಕಾಗಿ ಬಂದರೆ ನಿಲ್ಲಿಸಿ ನಳಿಗೆ ನೋಡುವ ಅಭ್ಯಾಸ ಇಲ್ಲದವರ ರಿವಾಲ್ವರು ಅದು.

ಹೊಳಪಿಗೆ ಮರುಳಾಗಬೇಡಿ. ಹೊಸದಾಗಿ ನೀಲಿಗಪ್ಪು ಹಾಕಿಸಿದ ರಿವಾಲ್ವರಿನಲ್ಲಿ ಕೊರೆದ ಅಕ್ಷರಗಳ ಅಂಚು ಮಾಸಿರುತ್ತದೆ, ಸ್ಕ್ರೂ ತೂತಿನ ಸುತ್ತ ತಟ್ಟೆಯಂತೆ ತಗ್ಗಿರುತ್ತದೆ. ತುಕ್ಕು ತೆಗೆಯಲು ಉಜ್ಜಿದ ಗುರುತು ಅದು. ಬಣ್ಣ ಮಾಸಿದ, ಅಕ್ಷರ ಚೂಪಾಗಿರುವ ಹಳೆಯದೇ ಮೇಲು. ಸ್ಕ್ರೂ ತಲೆ ಕಚ್ಚಿಹೋಗಿದ್ದರೆ ಕೈಚಳಕವಿಲ್ಲದವರು ಒಳಗೆ ಬಿಚ್ಚಿದ್ದಾರೆ ಎಂದರ್ಥ. ಆನೆದಂತದ ಹಿಡಿ ಹಾಕಿದ್ದನ್ನು 'ವಿಶೇಷ' ಎಂದು ತೋರಿಸಿದರೆ ಕೈಮುಗಿದು ಎದ್ದು ಬನ್ನಿ. ದಂತದ ಮಾರಾಟ ವನ್ಯಜೀವಿ ಕಾಯ್ದೆಯಡಿ ಅಪರಾಧ. ಕೊಡಗಿನಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೋಟಾದಲ್ಲೂ ಮುಲಾಜು ಬೇಡ. ಪಿಸ್ತೂಲಿನದಕ್ಕೂ ರಿವಾಲ್ವರಿನದಕ್ಕೂ ಡಬ್ಬಿಯ ಮೇಲೆ .32 ಎಂದೇ ಇರುತ್ತದೆ. ರಿವಾಲ್ವರಿಗೆ ಬೇಕಾದ್ದು ಸ್ಮಿತ್ ಅಂಡ್ ವೆಸ್ಸನ್ ಲಾಂಗ್, ಅದರ ಹಿತ್ತಾಳೆ ಕೊಳವೆ 23 ಮಿ.ಮೀ.ಗಿಂತ ಸ್ವಲ್ಪ ಉದ್ದ. ಪಿಸ್ತೂಲಿನದು ಸುಮಾರು 17 ಮಿ.ಮೀ. ಗಿಡ್ಡದ್ದು ಎಷ್ಟೋ ರಿವಾಲ್ವರುಗಳ ಮನೆಯೊಳಗೆ ಇಳಿಯುತ್ತದೆ, ಹಾರುತ್ತದೆ ಕೂಡ. ಆದರೆ ಅದರ ಒತ್ತಡ ಜಾಸ್ತಿ. ನೂರು ವರ್ಷದ ಕೀಲಿಗೆ ಆ ಪೆಟ್ಟು ತಡೆಯುವುದಿಲ್ಲ. "ಸ್ಟಾಕಿಲ್ಲ ಸಾರ್, ಇದೂ ನಡೆಯುತ್ತೆ" ಎಂದರೆ ನಡೆಯುವುದಿಲ್ಲ.

ಮನೆಗೆ ತಂದ ಮೇಲೆ ಶತ್ರು ನಮ್ಮ ಮಳೆ. ಚರ್ಮದ ಚೀಲದಲ್ಲಿ ಇಡಬೇಡಿ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡುವಾಗ ಹಾಕಿದ ಉಪ್ಪು ಅದರಲ್ಲೇ ಇರುತ್ತದೆ. ಜೂನ್‌ನಲ್ಲಿ ಇಟ್ಟದ್ದನ್ನು ಆಗಸ್ಟಿನಲ್ಲಿ ತೆಗೆದರೆ ಚೀಲದ ಹೊಲಿಗೆಯ ಗುರುತೇ ನಳಿಗೆಯ ಮೇಲೆ ತುಕ್ಕಾಗಿ ಮೂಡಿರುತ್ತದೆ. ಒಣ ಹತ್ತಿ ಬಟ್ಟೆ, ಮುಚ್ಚಳ ಬಿಗಿಯಾದ ಪೆಟ್ಟಿಗೆ, ಒಳಗೆ ನೂರಿನ್ನೂರು ಗ್ರಾಂ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಗೆ ತಿರುಗಿದಾಗ ಸಣ್ಣ ಉರಿಯಲ್ಲಿ ಹುರಿದು ಮತ್ತೆ ನೀಲಿ ಮಾಡಿ; ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿದರೆ ಸಾಕು. ತೆಂಗಿನೆಣ್ಣೆ ಖಂಡಿತ ಬೇಡ. ಮಡಿಕೇರಿಯ ಡಿಸೆಂಬರಿನಲ್ಲಿ ಬಾಟಲಿಯಲ್ಲಿ ಗಟ್ಟಿಯಾಗುವ ಎಣ್ಣೆ ರಿವಾಲ್ವರಿನ ಹೊಟ್ಟೆಯಲ್ಲೂ ಗಟ್ಟಿಯಾಗುತ್ತದೆ, ಕುದುರೆ ನಿಧಾನಕ್ಕೆ ಬಿದ್ದು ತೋಟಾ ಹಾರುವುದಿಲ್ಲ. 'ಸ್ಪ್ರಿಂಗ್ ಹೋಗಿದೆ' ಎಂದು ರಿಪೇರಿಗೆ ಬರುವವುಗಳಲ್ಲಿ ಎಷ್ಟಕ್ಕೋ ಸೀಮೆಎಣ್ಣೆಯಲ್ಲಿ ತೊಳೆದದ್ದೇ ಮದ್ದು. ತೋಟಾಗಳನ್ನು ಬೇರೆಯೇ ಬೀಗದಲ್ಲಿ, ಎಣ್ಣೆ ತಾಗದಂತೆ ಇಡಿ. ಎಣ್ಣೆ ತೋಟಾದ ಹಿಂಬದಿಯ ಪ್ರೈಮರಿಗೆ, ಕಿಡಿ ಹೊತ್ತಿಸುವ ಮದ್ದಿಗೆ, ಇಳಿದರೆ ಅದೂ ಸತ್ತಂತೆ.

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಬರುವುದು ಸೆಪ್ಟೆಂಬರ್ 3ಕ್ಕೆ, ಗಾಳಿಯಲ್ಲಿ ಇನ್ನೂ ನೀರಿರುವಾಗ. ಗಂಧ, ಕುಂಕುಮ, ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂ ಎಂಬ ಹೂ, ಎಲ್ಲವೂ ಹಸಿ. ಪೂಜೆ ಮುಗಿದ ಸಂಜೆಯೇ ಹೂ ತೆಗೆದು ಒರೆಸಿ ಎಣ್ಣೆ ಮುಟ್ಟಿಸದಿದ್ದರೆ ಗಂಧವಿಟ್ಟ ಜಾಗದಲ್ಲೇ ಗುಂಡಗಿನ ಕೆಂಪು ಕಲೆ ಏಳುತ್ತದೆ.

ಅಂಗಡಿಯವರಲ್ಲಿ ಒಂದೇ ಕೋರಿಕೆ. ಹಳೆಯ ರಿವಾಲ್ವರು ಮಾರುವಾಗ ಬಿಲ್ಲಿನ ಜೊತೆ ಒಂದು ಚೀಟಿ ಕೊಡಲಿ: ಫ್ರೇಮ್ ಮತ್ತು ಸಿಲಿಂಡರಿನ ನಂಬರು, ಆರು ಮನೆಗಳ ಸಂದಿಯ ಅಳತೆ, ಬೀಗ ಬೀಳುವುದು ಸರಿಯಿದೆಯೇ, ಬಣ್ಣ ಹೊಸದೇ ಹಳೆಯದೇ, ಕೆಳಗೆ ಸಹಿ. ಹತ್ತು ನಿಮಿಷದ ಕೆಲಸ, ಗಿರಾಕಿಯ ಸಂಕೋಚವೂ ಕಳೆಯುತ್ತದೆ. ಕೌಂಟರಿನಲ್ಲಿ ಫೀಲರ್ ಗೇಜ್ ಇಲ್ಲದಿದ್ದರೆ ಗಿರಾಕಿಯೇ ಜೇಬಿನಲ್ಲಿ ಒಯ್ಯಲಿ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ, ಬೆಲೆ ಒಂದು ಡಬ್ಬಿ ತೋಟಾಕ್ಕಿಂತ ಎಷ್ಟೋ ಕಡಿಮೆ.

– ಓದುಗ, ಗೋಣಿಕೊಪ್ಪಲು