ಅತ್ತೆಯ ಕನಸಿಗೆ ನಿಮ್ಮ ಕೋಷ್ಟಕ ಹೊಂದುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯನ್ನು ನಾನು ದಿನಾ ಎರಡು ಸಲ ಓದುತ್ತೇನೆ. ಒಂದು ಸಲ ನನಗೆ, ಇನ್ನೊಂದು ಸಲ ಗಟ್ಟಿಯಾಗಿ ನಮ್ಮ ಅತ್ತೆಗೆ. ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿ 11 ವರ್ಷ ಆಯಿತು. ಮೊದಲು ನಿಧನ ವಾರ್ತೆ, ಆಮೇಲೆ ಆಲಮಟ್ಟಿಯ ನೀರಿನ ಮಟ್ಟ, ಕೊನೆಗೆ ದಿನ ಭವಿಷ್ಯ. ಈ ಕ್ರಮ ತಪ್ಪಿದರೆ ಬೈಸಿಕೊಳ್ಳಬೇಕು.

ಹೋದ ತಿಂಗಳು ಪುರವಣಿಯಲ್ಲಿ ಯಾವ ಕನಸಿಗೆ ಯಾವ ಫಲ ಅಂತ ಒಂದು ಕೋಷ್ಟಕ ಬಂದಿತ್ತು. ಹಾವು ಕಂಡರೆ ಇದು, ಹಲ್ಲು ಉದುರಿದರೆ ಅದು. ಸುಮ್ನೆ ತಮಾಷೆಗೆ ಓದುತ್ತಾ ಹೋದೆ. ಮನೆಯೊಳಗೆ ನೀರು ನುಗ್ಗಿದರೆ ಯಜಮಾನನಿಗೆ ಗಂಡಾಂತರ ಎಂಬ ಸಾಲು ಬಂದಾಗ ಅತ್ತೆ ಕೈ ಎತ್ತಿ, "ನಿಂದರು, ಇನ್ನೊಮ್ಮೆ ಓದು" ಎಂದರು. ಓದಿದೆ. ಆ ದಿನ ಅವರು ರೊಟ್ಟಿ ಮುಟ್ಟಲಿಲ್ಲ.

ಆ ಕನಸು ಅವರಿಗೆ ಇಪ್ಪತ್ತು ವರ್ಷದಿಂದ ಬೀಳುತ್ತಿದೆ. (ನಮ್ಮ ಕಡೆ ಕನಸು ಕಾಣುವುದಿಲ್ಲ, ಬೀಳುತ್ತದೆ, ಮಳೆ ಬಿದ್ದ ಹಾಗೆ.) ಅವರ ಮಗ, ಅಂದರೆ ನನ್ನ ಗಂಡ, ಬಸ್ ಓಡಿಸುತ್ತಾರೆ. ಮರುದಿನ ಅವರು ಡ್ಯೂಟಿಗೆ ಹೊರಟಾಗ ಅತ್ತೆ ಹೊಸ್ತಿಲ ಮೇಲೆ ಅಡ್ಡ ಕುಳಿತುಬಿಟ್ಟರು. "ನನ್ನ ಕನಸು ನನ್ನ ಮಗನ್ನ ತಿಂತೈತೇನವಾ?" ಎಂದು ನನ್ನನ್ನು ಕೇಳಿದರು. ಏನು ಹೇಳಲಿ? ಕೊನೆಗೆ ಒಬ್ಬರನ್ನು ಕರೆಸಿ ಶಾಂತಿ ಮಾಡಿಸಿದೆವು. ಆರು ಸಾವಿರ ಖರ್ಚಾಯಿತು. ನಾನು ಜಂಪರ್ ಹೊಲಿಯುವವಳು. ಅದು ಎಷ್ಟು ಜಂಪರಿನ ದುಡ್ಡು ಅಂತ ನೀವೇ ಲೆಕ್ಕ ಹಾಕಿ.

ಈಗ ಆ ಕನಸಿನ ನೀರು ಎಲ್ಲಿಂದ ಬಂತು ಎಂದು ಹೇಳುತ್ತೇನೆ. ನಮ್ಮದು ಹಳೇ ಬಾಗಲಕೋಟೆಯಲ್ಲಿ ಹೊಳೆ ಕಡೆಯ ಓಣಿ. ಮಣ್ಣಿನ ಮಾಳಿಗೆ ಮನೆ. ಆಲಮಟ್ಟಿಯಲ್ಲಿ 519.60 ಮೀಟರಿನವರೆಗೆ ನೀರು ನಿಲ್ಲಿಸಿದರೆ ಹಿನ್ನೀರು ಘಟಪ್ರಭೆಗೂ ಏರುತ್ತದೆ, ನಮ್ಮ ಓಣಿಗೂ ಬರುತ್ತದೆ. ಹಾಗಾಗಿ ನಾವೂ ಮುಳುಗಡೆಯವರಾದೆವು. ಬಾಗಿಲು, ತೊಲೆ, ಕಿಟಕಿ ಎಲ್ಲ ಕಿತ್ತು ಟ್ರ್ಯಾಕ್ಟರಿನಲ್ಲಿ ನವನಗರಕ್ಕೆ ತಂದೆವು. ಅತ್ತೆಯ ಬೀಸುಕಲ್ಲು ಅಲ್ಲೇ ಉಳಿಯಿತು. ಮಿಕ್ಸಿ ಕಾಲದಲ್ಲಿ ಅದನ್ನು ಯಾರು ಹೊರುತ್ತಾರೆ ಎಂದವಳು ನಾನೇ. ಕನಸಿನಲ್ಲಿ ಪಡಸಾಲೆಗೆ ನೀರು ಬರುತ್ತದೆ. ಅತ್ತೆ ಆ ಕಲ್ಲನ್ನು ಎಳೆಯುತ್ತಾರೆ. ಅದು ಕದಲುವುದಿಲ್ಲ. ನೀರು ಎದೆಮಟ್ಟ ಬಂದಾಗ ಎಚ್ಚರ.

ಇದರಲ್ಲಿ ಮುಂದೆ ಆಗುವುದು ಏನಿದೆ, ಸ್ವಾಮಿ? ನೀರು ಬರುತ್ತದೆ ಎಂದು ಕನಸು ಬಂದು ಹೇಳಬೇಕಿರಲಿಲ್ಲ. ನಮಗೆ ನೋಟಿಸೇ ಬಂದಿತ್ತು. ಇನ್ನೊಂದು ಮಾತು. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ನೀರನ್ನು 524.256 ಮೀಟರಿನವರೆಗೆ ನಿಲ್ಲಿಸಲು ಒಪ್ಪಿತಲ್ಲ, ಆ ಎತ್ತರದ ಸುದ್ದಿ ನಿಮ್ಮಲ್ಲಿ ಬಂದ ದಿನ ರಾತ್ರಿ ಅತ್ತೆಗೆ ಕನಸು ಗ್ಯಾರಂಟಿ. ಎಷ್ಟೋ ಸಲ ನೋಡಿದ್ದೇನೆ.

ಮಗಳು ಧಾರವಾಡದಲ್ಲಿ ಮನಃಶಾಸ್ತ್ರ ಓದುತ್ತಾಳೆ. ಶಾಂತಿಯ ಸುದ್ದಿ ಕೇಳಿ ಫೋನಿನಲ್ಲೇ ನನಗೆ ಪಾಠ ಮಾಡಿದಳು. ಫ್ರಾಯ್ಡ್ ಎಂಬ ವಿಯೆನ್ನಾದ ಡಾಕ್ಟರು ಕನಸಿನ ಅರ್ಥದ ಬಗ್ಗೆ 1899ರಲ್ಲಿ ದೊಡ್ಡ ಪುಸ್ತಕ ಬರೆದರಂತೆ. ಮೊದಲ 600 ಪ್ರತಿ ಖರ್ಚಾಗಲು ಎಂಟು ವರ್ಷ ಹಿಡಿಯಿತಂತೆ. (ಕೋಷ್ಟಕ ಹಾಕಿದ್ದರೆ ಎಂಟು ದಿನ ಸಾಕಿತ್ತು.) ಅವರು ಕನಸು ಬಿದ್ದವರನ್ನೇ ಕೂರಿಸಿಕೊಂಡು, ಆ ಕನಸಿನ ಒಂದೊಂದು ತುಂಡಿಗೂ ನಿನಗೆ ಏನು ನೆನಪಾಗುತ್ತದೆ ಹೇಳು ಎಂದು ಕೇಳುತ್ತಿದ್ದರಂತೆ. ಒಂದೇ ವಸ್ತು ಇಬ್ಬರ ಕನಸಿನಲ್ಲಿ ಬಂದರೆ ಅರ್ಥ ಬೇರೆ ಬೇರೆ ಇರಬಹುದು ಎಂದೂ ಬರೆದರಂತೆ. ಆಮೇಲೆ ಅವರೂ ಕೋಲು ಕಂಡರೆ ಇದು, ಪೆಟ್ಟಿಗೆ ಕಂಡರೆ ಅದು ಎಂದು ಪಟ್ಟಿಗೆ ಇಳಿದರಂತೆ, ಅದು ಬೇರೆ ಮಾತು. 1977ರಲ್ಲಿ ಹಾಬ್ಸನ್ ಮತ್ತು ಮೆಕಾರ್ಲಿ ಎಂಬ ಇಬ್ಬರು, ನಿದ್ದೆಯಲ್ಲಿ ಮೆದುಳಿನ ಬುಡದಿಂದ ಏಳುವ ಗದ್ದಲಕ್ಕೆ ಮೇಲಿನ ಮೆದುಳು ಕಥೆ ಹೆಣೆಯುತ್ತದೆ, ಅದೇ ಕನಸು ಎಂದರಂತೆ. ನನಗೆ ಇದು ಅಷ್ಟು ಹಿಡಿಸಲಿಲ್ಲ. ಬರೀ ಗದ್ದಲವಾದರೆ ಇಪ್ಪತ್ತು ವರ್ಷ ಅದೇ ಬೀಸುಕಲ್ಲು ಯಾಕೆ?

ಒಂದು ವಿಷಯ ಮಾತ್ರ ನಮ್ಮಿಬ್ಬರಿಗೂ ಬಹಳ ಸೇರಿತು. ಬೆಳಗಿನ ಜಾವದ ಕನಸು ನಿಜ ಆಗುತ್ತದೆ ಎಂದು ಅತ್ತೆ ಹೇಳುತ್ತಾರೆ. ಮೊದಲ ಜಾವದ್ದಾದರೆ ಫಲಕ್ಕೆ ವರ್ಷ ಕಾಯಬೇಕಂತೆ. 1953ರಲ್ಲಿ ಷಿಕಾಗೋದಲ್ಲಿ ಅಸೆರಿನ್ಸ್ಕಿ ಮತ್ತು ಕ್ಲೈಟ್ಮನ್ ಎಂಬುವರು ನಿದ್ದೆಯ ಒಂದು ಹಂತ ಗುರುತಿಸಿದರು. ಆಗ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡುತ್ತದೆ. ಆಗ ಎಬ್ಬಿಸಿದರೆ ಜನ ಕನಸು ಹೇಳುತ್ತಾರೆ. ಸುಮಾರು 90 ನಿಮಿಷಕ್ಕೊಮ್ಮೆ ಈ ಹಂತ ಬರುತ್ತದೆ, ಬೆಳಗಾಗುತ್ತಾ ಉದ್ದವಾಗುತ್ತದೆ. ಜಾವದಲ್ಲಿ ಕನಸು ಜಾಸ್ತಿ, ಎದ್ದ ಕೂಡಲೇ ನೆನಪೂ ಜಾಸ್ತಿ. ನೆನಪಿದ್ದ ಕನಸಿನ ಫಲವನ್ನು ತಾನೇ ನಾವು ಹುಡುಕುವುದು?

ಕಣ್ಣಿಲ್ಲದವರಿಗೆ ಕನಸು ಹೇಗೆ ಕಾಣುತ್ತದೆ ಎಂದು ಓಣಿಯವರು ನನ್ನನ್ನು ಕೇಳುತ್ತಾರೆ. ಹುಟ್ಟು ಕುರುಡರಿಗೆ ಸದ್ದು, ಸ್ಪರ್ಶ, ವಾಸನೆಯ ಕನಸು ಬೀಳುತ್ತದಂತೆ. ದೊಡ್ಡವರಾದ ಮೇಲೆ ಕಣ್ಣು ಹೋದವರು ಕನಸಿನಲ್ಲಿ ನೋಡುತ್ತಲೇ ಇರುತ್ತಾರಂತೆ. ಅತ್ತೆ ಬಣ್ಣ ಸಮೇತ ಹೇಳುತ್ತಾರೆ. ಬಾಗಿಲಿಗೆ ಹಸಿರು ಬಣ್ಣ, ತುಳಸಿ ಕಟ್ಟೆಗೆ ಸುಣ್ಣ, ಹೋಳಿ ದಿನ ಹಲಗೆ ಬಡಿಯುವ ಹುಡುಗರ ಬನಿಯನ್ ಮೇಲಿನ ಗುಲಾಬಿ. ಆ ಹಸಿರು ಬಣ್ಣ ನಾನೇ ಮರೆತಿದ್ದೆ. ಮನೆಯಲ್ಲಿ ಕಣ್ಣಿಲ್ಲದವರು ಅವರೊಬ್ಬರೇ, ಹಳೇ ಮನೆಯನ್ನು ಇನ್ನೂ ನೋಡುತ್ತಿರುವವರೂ ಅವರೊಬ್ಬರೇ. ಅದಕ್ಕೂ ಗಂಡಾಂತರ ಎಂದು ಹೆಸರಿಟ್ಟು ಹೆದರಿಸಿದರೆ ಹೇಗೆ?

ಆ ಕೋಷ್ಟಕ ನಿಲ್ಲಿಸಿ ಎಂದು ಕೇಳಲು ಈ ಪತ್ರ. ಜಾಗ ತುಂಬಿಸಬೇಕಾದರೆ ಕೆಲಸಕ್ಕೆ ಬರುವುದನ್ನು ಹಾಕಿ. ನಡುರಾತ್ರಿ ಎಚ್ಚರಾದರೂ ಕೈಕಾಲು ಆಡುವುದಿಲ್ಲ, ಎದೆ ಮೇಲೆ ಯಾರೋ ಕುಂತಂತೆ ಆಗುತ್ತದಲ್ಲ, ಅದನ್ನು ನಮ್ಮಲ್ಲಿ ದೆವ್ವ ಎನ್ನುತ್ತಾರೆ. ಕನಸಿನ ಹೊತ್ತಿನಲ್ಲಿ ಮೈ ಸಡಿಲಾಗಿರುತ್ತದೆ, ಅದು ಬಿಡುವ ಮೊದಲೇ ಮನಸ್ಸು ಎದ್ದರೆ ಹಾಗಾಗುತ್ತದೆ ಎಂದು ಬರೆಸಿ. ವಯಸ್ಸಾದವರು ಕನಸಿನಲ್ಲಿ ಒದೆಯುತ್ತಾ, ಕೂಗುತ್ತಾ ಏಳುತ್ತಿದ್ದರೆ ನರದ ಡಾಕ್ಟರಿಗೆ ತೋರಿಸಬೇಕು, ಮುಂದೆ ಬರುವ ಪಾರ್ಕಿನ್ಸನ್ಸ್ ಕಾಯಿಲೆಯ ಸುಳಿವು ಅದರಲ್ಲಿ ಇರಬಹುದು ಎಂದು ತಿಳಿಸಿ. ಕೆಟ್ಟ ಕನಸಿಗೆ ಹೆದರಿ ನಿದ್ದೆಯನ್ನೇ ಬಿಟ್ಟವರಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. 2022ರಿಂದ ನಡೆಯುತ್ತಿದೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಮ್ಮ ಆರು ಸಾವಿರಕ್ಕೆ ಮೊದಲು ಈ ನಂಬರ್ ನನಗೆ ಗೊತ್ತಿರಲಿಲ್ಲ.

ದೀಪಾವಳಿ ರಜೆಗೆ ಬಂದಾಗ ಮಗಳು ಅಜ್ಜಿಯ ಹತ್ತಿರ ಒಂದು ಪ್ರಯೋಗ ಮಾಡಿದಳು. ಮತ್ತೆ ಮತ್ತೆ ಬೀಳುವ ಕೆಟ್ಟ ಕನಸನ್ನು ಹಗಲಿನಲ್ಲಿ ಕೂತು ಹೇಳಬೇಕು, ಕೊನೆಯನ್ನು ನಮಗೆ ಬೇಕಾದಂತೆ ಬದಲಿಸಬೇಕು, ಅದನ್ನೇ ದಿನಾ ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಆಡಿಸಬೇಕು. ಡಾಕ್ಟರುಗಳೂ ಇದನ್ನು ಹೇಳಿಕೊಡುತ್ತಾರಂತೆ. ಅತ್ತೆ ನಕ್ಕರು. ಕೆಟ್ಟ ಕನಸು ಬಿದ್ದರೆ ಹರಿಯುವ ಹೊಳೆಗೆ ಹೇಳಿ ಬಾ ಎಂದು ಅವರ ಅವ್ವ ಕಳಿಸುತ್ತಿದ್ದರಂತೆ. "ಹೊಳಿನೇ ಮನಿಯೊಳಗ ಬಂದ ಮ್ಯಾಲೆ ಯಾರಿಗೆ ಹೇಳೂದು?" ಎಂದರು. ಆದರೂ ಮೊಮ್ಮಗಳ ಮಾತು ಮೀರಲಿಲ್ಲ. ಬೀಸುಕಲ್ಲು ಬಿಟ್ಟು ಏಣಿ ಹಿಡಿದು ಮಾಳಿಗೆ ಹತ್ತುವುದು ಎಂದು ಕೊನೆಯನ್ನು ಅವರೇ ಗೊತ್ತು ಮಾಡಿದರು. ಮಧ್ಯಾಹ್ನ ನಾನು ಮಷಿನ್ ತುಳಿಯುವಾಗ ಪಕ್ಕದಲ್ಲಿ ಕೂತು ದಿನಾ ಒಪ್ಪಿಸುತ್ತಾರೆ.

ಕನಸು ಪೂರ್ತಿ ನಿಂತಿಲ್ಲ. ವಾರಕ್ಕೆ ಮೂರು ನಾಲ್ಕು ಸಲ ಬೀಳುತ್ತಿದ್ದದ್ದು ಈಗ ಒಂದು ಸಲ ಬೀಳುತ್ತದೆ. ಮೊನ್ನೆ ಸೋಮವಾರ ಎದ್ದವರು ಚಹಾಕ್ಕೂ ಕಾಯದೆ ನನ್ನನ್ನು ಕರೆದರು. ಮಾಳಿಗೆ ಹತ್ತಿದಿರೇನು ಎಂದು ಕೇಳಿದೆ.

"ಹತ್ತಿದೆ. ಸುತ್ತ ಬರೇ ನೀರು. ಮಾಳಿಗಿ ಮ್ಯಾಲೆ ಮೆಣಸಿನಕಾಯಿ ಒಣಹಾಕಿದ್ನಲ್ಲಾ, ಒಂದೂ ತೊಯ್ದಿರಲಿಲ್ಲ ನೋಡು."

ಇಂತಿ,
ಒಬ್ಬ ಓದುಗಿ, ನವನಗರ, ಬಾಗಲಕೋಟೆ