ಮಗಳಿಗೊಂದು ಪತ್ರ: ಸಾಲದ ಲೆಕ್ಕ ಬೇರೆ, ವಸೂಲಿಯ ಲೆಕ್ಕ ಬೇರೆ

ಬೆಟಗೇರಿ, ಗದಗ
ಭಾನುವಾರ ರಾತ್ರಿ

ಮಗಳ,

ಅವ್ವನ ಆಶೀರ್ವಾದ. ಫೋನಿನ್ಯಾಗ ನಿನ್ನ ದನಿ ನಡಗತಿತ್ತು. ತಗೊಳ್ಳದ ಸಾಲಕ್ಕ ಯಾರೋ ವಿದ್ಯಾನಗರದ ಪಿಜಿ ಮುಂದ ಬಂದು ನಿಲ್ಲತೀವಿ, ಆಫೀಸಿಗೆ ಫೋನ್ ಹಚ್ಚತೀವಿ ಅಂದ್ರ ಯಾರಿಗಾದರೂ ಕೈಕಾಲು ತಣ್ಣಗಾಗತಾವ. ಆ ಗಾಬರಿಯೊಳಗ ಹೇಳಿದ್ದು ತಲಿಗೆ ಹತ್ತಿರೂದಿಲ್ಲ ಅಂತ ಬರದು ಕಳಸಾಕತ್ತೀನಿ. ಕೈಯಾಗ ಹಿಡಕೊಂಡು ಒಂದೊಂದ ಮಾಡ್ಕೋತ ಹೋಗು.

ಮೊದಲ ಇದನ್ನ ಮನಸಿನ್ಯಾಗ ಇಟ್ಕೋ. ಸಾಲ ಖರೇನೋ ಸುಳ್ಳೋ ಅನ್ನೂದು ಒಂದು ಲೆಕ್ಕ. ವಸೂಲಿ ಮಾಡೂ ರೀತಿ ಸರಿನೋ ತಪ್ಪೋ ಅನ್ನೂದು ಇನ್ನೊಂದು ಲೆಕ್ಕ. ಈ ಮಂದಿ ಎರಡನ್ನೂ ಕಲಸಿ ನಿನ್ನ ಮುಂದ ಇಡತಾರ. ಸಾಲ ಸುಳ್ಳಿದ್ದರ ಅಂವ ಎಷ್ಟ ಸವಿ ಮಾತಾಡಿದರೂ ಒಂದು ರೂಪಾಯಿ ಕೊಡೂದು ಬ್ಯಾಡ. ಸಾಲ ಖರೇ ಇದ್ದರೂ ಬೈಯೂ ಹಕ್ಕು ಯಾರಿಗೂ ಇಲ್ಲ.

ನಾಳೆ ಮತ್ತ ಫೋನ್ ಬಂದ್ರ ವಾದ ಮಾಡಬ್ಯಾಡ. ನಿನ್ನ ಪ್ಯಾನ್ ನಂಬರು, ಆಫೀಸಿನ ಹೆಸರು ಅಂವಗ ಗೊತ್ತೈತಿ ಅಂದಿ. ಅದು ಸಾಲದ ಪುರಾವೆ ಅಲ್ಲ. ಇಂಥ ಮಾಹಿತಿ ಸೋರಿ ಹೋಗಿ ಸಂತ್ಯಾಗ ಮಾರಾಟ ಆಗತೈತಿ. ನೀ ಐದು ಪ್ರಶ್ನೆ ಅಷ್ಟ ಕೇಳು: ಸಾಲ ಕೊಟ್ಟ ಸಂಸ್ಥೆಯ ಪೂರ್ತಿ ಹೆಸರು ಏನು, ಸಾಲದ ಖಾತೆ ನಂಬರು ಎಷ್ಟು, ಯಾವ ತಾರೀಖಿಗೆ ಕೊಟ್ಟಿದ್ದು, ಯಾವ ಬ್ಯಾಂಕ್ ಖಾತೆಗೆ ಹಾಕಿದ್ದು, ನಿಮ್ಮನ್ನ ವಸೂಲಿಗೆ ನೇಮಿಸಿದ ಪತ್ರ ಎಲ್ಲೈತಿ. ಎಲ್ಲಾ ಇಮೇಲ್‌ನ್ಯಾಗ ಕಳಸ್ರಿ ಅಂತ ಹೇಳಿ ಫೋನ್ ಇಡು. ಖರೇ ಏಜೆಂಟ್ ಇದ್ದರ ಗುರುತಿನ ಚೀಟಿ, ಬ್ಯಾಂಕು ಕೊಟ್ಟ ಅಧಿಕಾರ ಪತ್ರ ಜೊತಿಗೆ ಇಟ್ಕೋಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಐತಿ. ಆ್ಯಪ್ ಸಾಲ ಇದ್ದರ ಏಜೆಂಟನ ವಿವರ ಅವ ಬರೂಕಿಂತ ಮೊದಲ ನಿನಗ ಇಮೇಲೋ ಮೆಸೇಜೋ ಬಂದಿರಬೇಕು. "ಪೇಪರ್ ಗೀಪರ್ ಆಮ್ಯಾಲ, ಈಗ 500 ರೂಪಾಯಿ ಟೋಕನ್ ಹಾಕ್ರಿ, ಕೇಸ್ ನಿಲ್ಲಸ್ತೀನಿ" ಅಂದ್ರ ಹಾಕಬ್ಯಾಡ. ಆ 500ರಿಂದ ಈ ನಂಬರಿನಾಕಿ ಹೆದರಿ ಕೊಡತಾಳ ಅನ್ನೂದು ಅವರಿಗೆ ಗೊತ್ತಾಗತೈತಿ. ಮರುದಿನ 5,000 ಕೇಳತಾರ. ವಾಟ್ಸಾಪಿನ್ಯಾಗ "ಮುಂದಿನ ತಿಂಗಳು ಕೊಡತೀನಿ" ಅಂತನೂ ಬರೀಬ್ಯಾಡ. ಹಾಂಗ ಬರದಿದ್ದನ್ನ ಸಾಲ ಒಪ್ಪಿಕೊಂಡಂಗ ತೋರಸ್ತಾರ.

ಇನ್ನ ಸಾಲ ಖರೇನ ನಿನ್ನ ಹೆಸರಿನ್ಯಾಗ ಐತೇನು ಅಂತ ನೀನ ನೋಡಬೇಕು. ಯಾರ ಹೆಸರಿನ್ಯಾಗ ಯಾವ ಸಾಲ ಐತಿ ಅಂತ ಹೇಳೂ ಕ್ರೆಡಿಟ್ ವರದಿ ಕೊಡೂ ಸಂಸ್ಥೆ ನಮ್ಮ ದೇಶದಾಗ ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಒಂದೊಂದು ಸಂಸ್ಥೆ ವರ್ಷಕ್ಕ ಒಂದು ಪೂರ್ತಿ ವರದಿ ಪುಕ್ಕಟ ಕೊಡಬೇಕು. ಅವರವರ ಸ್ವಂತ ವೆಬ್‌ಸೈಟಿಗೆ ಹೋಗಿ ನಾಲ್ಕೂ ತಗಿ, ಯಾಕಂದ್ರ ಒಂದರಾಗ ಇಲ್ಲದ್ದು ಇನ್ನೊಂದರಾಗ ಇರತೈತಿ. ಅಂಕ ಎಷ್ಟು ಬಂದೈತಿ ಅಂತ ನೋಡ್ಕೋತ ಕುಂದರಬ್ಯಾಡ. ಖಾತೆಗಳ ಭಾಗದಾಗ ಸಾಲ ಕೊಟ್ಟವರ ಹೆಸರು, ಶುರುವಾದ ತಾರೀಖು, ಮಂಜೂರಾದ ಮೊತ್ತ, ಬಾಕಿ ಓದು. ಆಮ್ಯಾಲ ಕೊನಿಗೆ ವಿಚಾರಣೆಗಳ ಭಾಗ ಇರತೈತಿ, ನಿನ್ನ ಹೆಸರಿನ ಮ್ಯಾಲ ಸಾಲ ಕೇಳಿದಾಗ ಯಾರ್‍ಯಾರು ವರದಿ ತಗಸ್ಯಾರ ಅನ್ನೂದು ಅಲ್ಲಿ ಸಿಗತೈತಿ. ಬಹಳ ಮಂದಿ ಅಲ್ಲೀತನ ಓದೂದಿಲ್ಲ. ಕಳ್ಳ ಸಾಲದ ಜಾಡು ಮೊದಲ ಕಾಣೂದು ಅಲ್ಲೇ.

ಅಲ್ಲಿ ನಿನಗ ಗೊತ್ತಿಲ್ಲದ ಸಾಲ ಕಂಡ್ರ ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೀ. ವಿಳಾಸ ಅವರ ವೆಬ್‌ಸೈಟಿನಿಂದ ತಗೋ, ಫೋನ್ ಮಾಡಿದಂವ ಕೊಟ್ಟಿದ್ದಲ್ಲ. ಮೂರು ಕೇಳು: ಸಹಿ ಆದ ಕರಾರಿನ ಪ್ರತಿ, ಕೆವೈಸಿಗೆ (ಗುರುತು ಖಾತ್ರಿಗೆ) ತಗದ ಫೋಟೋ, ದುಡ್ಡು ಹಾಕಿದ ಖಾತೆ ಮತ್ತ ಆ ವರ್ಗಾವಣೆಯ ಗುರುತಿನ ನಂಬರು, ಅಂದ್ರ ಯುಟಿಆರ್. ಈ ಯುಟಿಆರ್‌ನ್ಯಾಗ ಎಲ್ಲಾ ಐತಿ. ದುಡ್ಡು ಯಾವ ಬ್ಯಾಂಕಿನಿಂದ ಹೊಂಟು ಯಾವ ಖಾತೆಗೆ ಮುಟ್ಟಿತು ಅನ್ನೂದು ಆ ನಂಬರ್ ಹಿಡದು ಹೋದ್ರ ಗೊತ್ತಾಗತೈತಿ. ಆ ಖಾತೆ ನಿಂದಲ್ಲ ಅಂದ್ರ ನಿನ್ನ ಮಾತು ಅಲ್ಲೇ ಗಟ್ಟಿ ಆತು. ಜೊತಿಗೇ ಕ್ರೆಡಿಟ್ ಸಂಸ್ಥೆಗೆ ತಕರಾರು ಹಾಕು. 30 ದಿನದಾಗ ಸರಿ ಮಾಡದಿದ್ದರ ದಿನಕ್ಕ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2024ರಿಂದ ನಿಯಮ ಐತಿ. ಎಂ-ಆಧಾರ್ ಆ್ಯಪಿನ್ಯಾಗ ಬೆರಳಚ್ಚು ಲಾಕ್ ಮಾಡು. ಸರಕಾರದ ಸಂಚಾರ್ ಸಾಥಿ ವೆಬ್‌ಸೈಟಿನ್ಯಾಗ ನಿನ್ನ ಹೆಸರಿನ ಮ್ಯಾಲ ಎಷ್ಟು ಸಿಮ್ ಅದಾವ ಅಂತನೂ ನೋಡ್ಕೋ.

ನಿನ್ನ ಗೆಳತಿದು ಬೇರೆ ನಮೂನಿ ಅಂದಿ, ಸಾಲದ ಆ್ಯಪಿನಿಂದ ಕೇಳದನ 3,000 ಖಾತೆಗೆ ಬಿದ್ದು ವಾರದಾಗ 5,000 ಕೇಳಾಕತ್ತಾರ. ಆಕಿಗೆ ಹೇಳು, ಆ ದುಡ್ಡು ಮುಟ್ಟಬಾರದು, ಅವರು ಕೊಟ್ಟ ಯಾವುದೋ ಯುಪಿಐಗೆ ತಿರುಗಿ ಹಾಕಲೂಬಾರದು. ತನ್ನ ಬ್ಯಾಂಕಿಗೆ ಅವತ್ತ ಬರದು ಕೊಟ್ಟು ಸ್ವೀಕೃತಿ ತಗೋಬೇಕು. ಮತ್ತ ಆ್ಯಪ್ ತಗದು ಹಾಕೂದರಾಗ ಒಂದು ಕ್ರಮ ಐತಿ. ಮೊದಲ ಆ್ಯಪಿನ ಹೆಸರು, ಮಾಡಿದವರ ಹೆಸರು, ಸಾಲದ ಮೊತ್ತ, ಕೇಳಿದ ಅನುಮತಿಗಳ ಪುಟ, ಎಲ್ಲಾದರ ಸ್ಕ್ರೀನ್‌ಶಾಟ್ ತಗೀಬೇಕು. ಆಮ್ಯಾಲ ಅನುಮತಿ ಕಿತ್ತಬೇಕು. ಕಡೀಕ ಅನ್‌ಇನ್‌ಸ್ಟಾಲ್. ಗಾಬರ್‍ಯಾಗಿ ಮೊದಲ ತಗದು ಹಾಕಿದ್ರ ಪುರಾವೆನೂ ಹೋತು, ಅವರು ಫೋನಿನಿಂದ ಮೊದಲ ಎತ್ತಿಕೊಂಡ ಪರಿಚಯದವರ ನಂಬರುಗಳಂತೂ ತಿರುಗಿ ಬರೂದಿಲ್ಲ.

ಫೋಟೋ ತಿದ್ದಿ ಎಲ್ಲಾರಿಗೂ ಕಳಸ್ತೀವಿ ಅಂದ್ರ ದುಡ್ಡು ಕೊಟ್ಟರೂ ಅದು ನಿಲ್ಲೂದಿಲ್ಲ. ಅವರಿಗಿಂತ ಮೊದಲ ನೀವ ಪರಿಚಯದವರಿಗೆ ಒಂದು ಮೆಸೇಜ್ ಹಾಕ್ರಿ: "ನನ್ನ ಹೆಸರಿನ್ಯಾಗ ಸುಳ್ಳು ಸಾಲ, ತಿದ್ದಿದ ಫೋಟೋ ಬರಬಹುದು. ಉತ್ತರ ಕೊಡಬ್ಯಾಡ್ರಿ, ಅಳಸಬ್ಯಾಡ್ರಿ, ಸ್ಕ್ರೀನ್‌ಶಾಟ್ ತಗದು ನನಗ ಕಳಸ್ರಿ. ದೂರು ಕೊಟ್ಟೀನಿ." ಈ ನಾಲ್ಕು ಸಾಲು ಹೋತು ಅಂದ್ರ ಅವರ ಕೈಯಾಗಿನ ಬೆದರಿಕಿ ಅರ್ಧ ಸತ್ತಂಗ. ಇದರಾಗ ನಾಚಿಕಿ ಪಡಬೇಕಾದವರು ನೀವಲ್ಲ, ಮಗಳ.

ಒಂದು ಕಿರು ನೋಟ್‌ಬುಕ್ ತಗೋ. ತಾರೀಖು, ವೇಳೆ, ಬಂದ ನಂಬರು, ಹೇಳಿದ ಹೆಸರು, ಆಡಿದ ಮಾತು, ಇದ್ದದ್ದು ಇದ್ದಂಗ ಬರೀ. ಬೈಗಳ ಇದ್ದರ ಬೈಗಳನ ಬರೀ, "ಕೆಟ್ಟದಾಗಿ ಮಾತಾಡಿದ" ಅಂತ ಬರದ್ರ ಪೊಲೀಸರಿಗೆ ಏನೂ ತಿಳಿಯೂದಿಲ್ಲ. ವೇಳೆ ಯಾಕಂದ್ರ, ಬಾಕಿ ವಸೂಲಿಗೆ ಮುಂಜಾನೆ 8ರ ಮೊದಲ, ಸಂಜಿ 7ರ ಮ್ಯಾಲ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನ್ಯಾಗ ಹೇಳೈತಿ. ಮನಿಯವರಿಗೆ, ಗೆಳತ್ಯಾರಿಗೆ ಕಾಟ ಕೊಡೂದು, ಎಲ್ಲಾರ ಮುಂದ ಮಾನ ಕಳಿಯೂದು ಅದೇ ಸುತ್ತೋಲೆ ಪ್ರಕಾರ ತಪ್ಪು. ಕರೆ ರೆಕಾರ್ಡ್ ಮಾಡಿದ್ರ ಆ ಫೋನ್ ಮಾರಬ್ಯಾಡ, ಫಾರ್ಮ್ಯಾಟ್ ಮಾಡಬ್ಯಾಡ. ಕೋರ್ಟಿನ್ಯಾಗ ರೆಕಾರ್ಡಿಂಗಿಗೆ ಪ್ರಮಾಣಪತ್ರ ಬೇಕಾಗತೈತಿ, ಮೂಲ ಫೋನ್ ಇದ್ದರ ಚಲೋ.

ದುಡ್ಡು ಹೋಗಿದ್ರ ಒಂದು ತಾಸೂ ಕಳೀಬ್ಯಾಡ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕ ಫೋನ್ ಹಚ್ಚು. ಲಗೂನ ಹೇಳಿದ್ರ ದುಡ್ಡು ಮುಂದಿನ ಖಾತೆಗೆ ಹಾರೂಕಿಂತ ಮೊದಲ ತಡೆ ಹಿಡಿಯಾಕ ಆಗತೈತಿ. ದುಡ್ಡು ಹೋಗದಿದ್ದರೂ ಸೈಬರ್ ಕ್ರೈಮ್ ಪೋರ್ಟಲಿನ್ಯಾಗ ದೂರು ಹಾಕಿ, ಪ್ರಿಂಟ್ ತಗೊಂಡು ಹುಬ್ಬಳ್ಳಿ-ಧಾರವಾಡದ ಸಿಇಎನ್ ಠಾಣೆಗೆ (ಸೈಬರ್, ಆರ್ಥಿಕ, ಮಾದಕ ಅಪರಾಧ ನೋಡೂ ಪೊಲೀಸ್ ಠಾಣೆ) ಹೋಗು. ಗದಗ, ಹಾವೇರಿಯೊಳಗೂ ಸಿಇಎನ್ ಠಾಣೆ ಅದಾವ. "ಇದು ಸಿವಿಲ್ ಮ್ಯಾಟರ್" ಅಂದ್ರ ಸುಮ್ಮನ ಎದ್ದು ಬರಬ್ಯಾಡ. "ಸಾಲ ಸಿವಿಲ್ ಇರಬಹುದು ಸರ್, ಬೆದರಿಕಿ ಸಿವಿಲ್ ಅಲ್ಲ" ಅಂತ ಹೇಳು. ಭಾರತೀಯ ನ್ಯಾಯ ಸಂಹಿತೆಯ 351 ಬೆದರಿಕಿಗೆ, 308 ಸುಲಿಗಿಗೆ, 79 ಹೆಣ್ಣುಮಕ್ಕಳ ಮಾನಕ್ಕ ಧಕ್ಕೆ ತರೂ ಮಾತಿಗೆ. ದೂರಿನ್ಯಾಗ ಈ ಕಲಂ ಬರದು, ಎರಡು ಪ್ರತಿ ಒಯ್ದು, ಒಂದರ ಮ್ಯಾಲ ಸ್ವೀಕೃತಿ ಹಾಕಿಸ್ಕೋ.

ವಾಟ್ಸಾಪಿನ್ಯಾಗ ಕೋರ್ಟ್ ನೋಟಿಸ್ ಅಂತ ಬಂದ್ರ ಸೀಲು ನೋಡಿ ಹೆದರಬ್ಯಾಡ. ಕೋರ್ಟಿನ್ಯಾಗ ದಾಖಲಾದ ಕೇಸಿಗೆ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರು ಇರತೈತಿ, ಇ-ಕೋರ್ಟ್ಸ್ ಆ್ಯಪಿನ್ಯಾಗ ಹಾಕಿ ನೋಡು. ಲೋಕ ಅದಾಲತ್ತಿನ ನೋಟಿಸ್ ಖರೇ ಇದ್ದರೂ ಅದು ವಾರಂಟ್ ಅಲ್ಲ, ರಾಜಿಗೆ ಕರದದ್ದು. ಸಾಲ ಕಟ್ಟಲಿಲ್ಲ ಅಂದ ಮಾತ್ರಕ್ಕ ಯಾರೂ ಹಿಡಕೊಂಡು ಹೋಗೂದಿಲ್ಲ. ಚೆಕ್ ಬೌನ್ಸ್ ಆದದ್ದು ಮಾತ್ರ ಬೇರೆ, ಅದಕ್ಕ ಕ್ರಿಮಿನಲ್ ಕೇಸ್ ಆಗತೈತಿ, ಆ ನೋಟಿಸಿಗೆ ತಡ ಮಾಡದ ಉತ್ತರ ಕೊಡಬೇಕು. ವಕೀಲರು ಬೇಕಂದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ಹೆಣ್ಣುಮಕ್ಕಳಿಗೆ ಆದಾಯ ಎಷ್ಟ ಇದ್ದರೂ ಪುಕ್ಕಟ. ಫೋನ್ 15100.

ಇದನ್ನ ರಾಣೆಬೆನ್ನೂರಿನ ನಿಮ್ಮ ಚಿಗವ್ವಗೂ ಓದಿ ಹೇಳು. ಆಕಿದು ಮೈಕ್ರೋ ಫೈನಾನ್ಸಿನ ಸಂಘದ ಸಾಲ, ಖರೇ ಸಾಲ, ಕಟ್ಟಬೇಕಾದ್ದೇ. ಆದರ ಮೈಕ್ರೋ ಫೈನಾನ್ಸಿನವರು ಮುಂಜಾನೆ 9ರಿಂದ ಸಂಜಿ 6ರ ಒಳಗ ಅಷ್ಟ ಫೋನ್ ಮಾಡಬೇಕು. ಕಂತು ಕೇಳೂದು ಮೊದಲ ಗೊತ್ತು ಮಾಡಿದ ಜಾಗದಾಗ. ಆಕಿ ಒಂದರ ಹಿಂದ ಒಂದು ಎರಡು ಸಲ ಅಲ್ಲಿಗೆ ಹೋಗದಿದ್ದರ ಮಾತ್ರ ಮನಿಗೆ ಬರಬಹುದು. ಮನಿಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಗಳಿಕಿಯ ಅರ್ಧ ದಾಟಬಾರದು ಅಂತನೂ ಐತಿ, ಅದನ್ನ ನೋಡದ ಕೊಟ್ಟದ್ದು ಕೊಟ್ಟವರ ತಪ್ಪು. ಬಾಗಲ ಮುಂದ ಕುಂತು ಮಾನ ತಗಿಯೂದು, ಆಧಾರು, ರೇಷನ್ ಕಾರ್ಡ್ ಕಸಗೊಳ್ಳೂದು ಮಾಡಿದ್ರ 112ಕ್ಕ ಪೊಲೀಸರಿಗೆ ಫೋನ್ ಹಚ್ಚಬೇಕು. ನಮ್ಮ ಸರಕಾರ 2025ರ ಫೆಬ್ರುವರಿಯೊಳಗ ಸುಗ್ರೀವಾಜ್ಞೆ ತಂದು, ಆಮ್ಯಾಲ ಕಾಯ್ದೆ ಮಾಡಿ, ಇಂಥ ಕಿರುಕುಳಕ್ಕ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಇಟ್ಟಾರ. ಬ್ಯಾಂಕು, ನೋಂದಾಯಿತ ಫೈನಾನ್ಸ್ ಆದ್ರ ಮೊದಲ ಅವರಿಗೇ ದೂರು ಕೊಟ್ಟು ದೂರಿನ ನಂಬರು ತಗೋಬೇಕು. 30 ದಿನದಾಗ ಉತ್ತರ ಬರದಿದ್ದರ, ಬಂದ ಉತ್ತರ ಸಮಾಧಾನ ಆಗದಿದ್ದರ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದ್ರ ಇಂಥ ದೂರು ನೋಡೂ ಅಧಿಕಾರಿಗೆ, ಬರೀಬೇಕು. ವಿಚಾರಸಾಕ ಫೋನ್ 14448. ಕಂತು ಕಟ್ಟೂವಾಗ ಏಜೆಂಟನ ಸ್ವಂತ ಫೋನ್‌ಪೇಗೆ ಹಾಕಬಾರದು, ಸಾಲದ ಖಾತೆಗೇ ಹಾಕಿ ರಸೀದಿ ತಗೋಬೇಕು ಅಂತ ಎರಡು ಸಲ ಹೇಳು, ಆಕಿ ಮರೀತಾಳ.

ಶನಿವಾರ ಬರೂವಾಗ ನಾಲ್ಕೂ ವರದಿಯ ಪ್ರಿಂಟು, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಆ ನೋಟ್‌ಬುಕ್ಕು ಚೀಲದಾಗ ಹಾಕ್ಕೊಂಡು ಬಾ. ಇಮೇಲ್ ಇಬ್ಬರೂ ಕೂಡಿ ಬರಿಯೂಣು. ಅಲ್ಲೀತನಕ ಗೊತ್ತಿಲ್ಲದ ನಂಬರು ರಾತ್ರಿ ಎತ್ತಬ್ಯಾಡ, ಮಕ್ಕೋ.

ನಿನ್ನ
ಅವ್ವ