ಪೆನ್ಸಿಲಿನಲ್ಲಿ ಸ್ವರ ಬರೆದುಕೊಟ್ಟವರಿಗೆ

1979ರಲ್ಲಿ ಮೈಸೂರಿನಿಂದ ಮದರಾಸಿನ ಸಿನಿಮಾ ಸ್ಟುಡಿಯೋಗಳ ಬಡಾವಣೆಯಾದ ಕೋಡಂಬಾಕ್ಕಂಗೆ ಹೋದಾಗ ನನಗೆ ಗೊತ್ತಿದ್ದದ್ದು ನೆಲದ ಮೇಲೆ ಕುಳಿತು, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ, ಸ-ಪ-ಸ-ಪ ಶ್ರುತಿಯಲ್ಲಿ ನುಡಿಸುವುದೊಂದೇ. ಸ್ಟುಡಿಯೋದಲ್ಲಾದರೋ ಕುರ್ಚಿ, ಗದ್ದದಡಿಯ ಪಿಟೀಲು, ಎದುರಿಗೆ ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಚಿಹ್ನೆಗಳಲ್ಲಿ ಬರೆಯುವ ಪಾಶ್ಚಾತ್ಯ ಸ್ವರಲಿಪಿ. ಗಾಯಕರೂ ವಾದ್ಯದವರೂ ಒಟ್ಟಿಗೇ ಧ್ವನಿಮುದ್ರಣಕ್ಕೆ ಕೂರುತ್ತಿದ್ದ ಆ ದಿನಗಳಲ್ಲಿ ಒಬ್ಬನ ಕಮಾನು ತಪ್ಪಿದರೂ ಹಾಡು ಮೊದಲಿನಿಂದ ಆಗಬೇಕಿತ್ತು. ಅಂದು ನನ್ನಿಂದಲೇ ಮೂರು ಟೇಕ್ ಕೆಟ್ಟವು.

ಪಕ್ಕದ ಕುರ್ಚಿಯಲ್ಲಿದ್ದ ಹಿರಿಯರೇ, ಕಾಫಿ ವಿರಾಮದಲ್ಲಿ ತಾವು ಒಂದು ಮಾತೂ ಆಡದೆ ನನ್ನ ಹಾಳೆಯನ್ನು ಎಳೆದುಕೊಂಡು, ನನಗೆ ತಮಿಳು ಬಾರದೆಂದು ಇಂಗ್ಲಿಷ್ ಅಕ್ಷರಗಳಲ್ಲಿ ಪ್ರತಿ ಚಿಹ್ನೆಯ ಕೆಳಗೂ ಸರಿಗಮ ಬರೆದು, ಕಮಾನು ಮೇಲಕ್ಕೆ ಹೋಗಬೇಕಾದ ಕಡೆ ಪುಟ್ಟ ಗುರುತು ಹಾಕಿಕೊಟ್ಟಿರಿ. ನಾಲ್ಕನೇ ಟೇಕ್ ಓಕೆ ಆಯಿತು. ಮುಂದೆ ಆರು ತಿಂಗಳು ಪ್ರತಿ ಭಾನುವಾರ ನೊಟೇಶನ್ ಓದಲು ಕಲಿಸಿದಿರಿ. ದಕ್ಷಿಣೆ ಎಂದರೆ ಸಿಟ್ಟಾಗುತ್ತಿದ್ದಿರಿ.

ಆ ಓದಿನಿಂದಲೇ ನನಗೆ ಮದರಾಸಿನಲ್ಲೂ, ಆಮೇಲೆ ಬೆಂಗಳೂರಿನ ಸ್ಟುಡಿಯೋಗಳಲ್ಲೂ ಕಾಲ್‌ಶೀಟ್ ಸಿಕ್ಕಿತು. ಕೀಬೋರ್ಡು ಬಂದು ನಮ್ಮ ಪಿಟೀಲಿನ ಸಾಲುಗಳು ಖಾಲಿಯಾದಾಗಲೂ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಬದುಕಿದೆ. ತಮ್ಮ ಹೆಸರಾಗಲಿ ನನ್ನದಾಗಲಿ ಯಾವ ಕ್ಯಾಸೆಟ್ಟಿನ ಹೊದಿಕೆಯ ಮೇಲೂ ಬರಲಿಲ್ಲ (ಅದು ತಮಗೆ ಬೇಕಿರಲೂ ಇಲ್ಲ). ಆದ್ದರಿಂದ ಇಲ್ಲಿಯೂ ಬರೆದಿಲ್ಲ. ತಮಗೆ ನನ್ನ ಕೃತಜ್ಞತೆಗಳು. ಆ ಹಾಳೆ ಇಂದಿಗೂ ಪಿಟೀಲಿನ ಪೆಟ್ಟಿಗೆಯಲ್ಲಿದೆ. ಅಕ್ಷರಗಳು ಮಾಸಿವೆ, ಚರಣಕ್ಕೆ ಮುಂಚಿನ ಕಮಾನಿನ ಗುರುತು ಮಾತ್ರ ಇನ್ನೂ ಕಾಣುತ್ತದೆ.